ಎಸ್ಪ್ರೆಸೊಗೆ ಗ್ರೈಂಡರ್‌ನ ಸರಿಯಾದ ನಂಬರ್ ಯಾವುದು?

ಪ್ರಶ್ನೆ: ಮನೆಯಲ್ಲಿ 54 ಮಿ.ಮೀ. ಪೋರ್ಟಾಫಿಲ್ಟರ್ (ಪುಡಿ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಹಿಡಿಕೆಯ ಬಟ್ಟಲು) ಇರುವ ಸಣ್ಣ ಎಸ್ಪ್ರೆಸೊ ಯಂತ್ರವಿದೆ. ಗ್ರೈಂಡರ್ 1ಝಡ್‌ಪ್ರೆಸ್ಸೊ ಜೆಎಕ್ಸ್-ಪ್ರೊ, ಕೈಯಲ್ಲಿ ತಿರುಗಿಸುವಂಥದ್ದು. ಚಿಕ್ಕಮಗಳೂರಿನ ಮೀಡಿಯಂ ರೋಸ್ಟ್ ಅರೇಬಿಕಾ ತರಿಸುತ್ತೇನೆ. 18 ಗ್ರಾಂ ಪುಡಿ ಹಾಕಿದರೆ ಒಂದು ದಿನ 14 ಸೆಕೆಂಡಿಗೇ ಲೋಟ ತುಂಬಿ ಬರೀ ಹುಳಿ. ಎರಡು ಕ್ಲಿಕ್ ನುಣ್ಣಗೆ ಮಾಡಿದರೆ ಮರುದಿನ 50 ಸೆಕೆಂಡ್ ಆದರೂ ತೊಟ್ಟಿಕ್ಕುತ್ತಲೇ ಇರುತ್ತದೆ, ಬಾಯೆಲ್ಲ ಕಹಿ. ಇದೇ ಗ್ರೈಂಡರ್ ಇಟ್ಟುಕೊಂಡಿರುವ ಗೆಳೆಯ ಹೇಳಿದ ನಂಬರ್ ಇಟ್ಟೂ ನೋಡಿದೆ, ಉಪಯೋಗವಾಗಲಿಲ್ಲ. ಸರಿಯಾದ ನಂಬರ್ ಯಾವುದು?

ಉತ್ತರ: ನೀವು ಕೊಟ್ಟಿರುವ ಲೆಕ್ಕವನ್ನೇ ಮೊದಲು ನೋಡೋಣ. ಜೆಎಕ್ಸ್-ಪ್ರೊನಲ್ಲಿ ಒಂದು ಸುತ್ತಿಗೆ 40 ಕ್ಲಿಕ್. ಒಂದು ಕ್ಲಿಕ್‌ಗೆ ಒಳಗಿನ ಬರ್ (ಬೀಜ ಅರೆಯುವ ಹಲ್ಲಿನ ಲೋಹದ ತುಂಡು) ಮೇಲಕ್ಕೋ ಕೆಳಕ್ಕೋ ಸರಿಯುವುದು 12.5 ಮೈಕ್ರಾನ್ ಮಾತ್ರ. ಬರ್‌ಗಳ ಆಕಾರ ಶಂಕುವಿನಂತೆ ಇಳಿಜಾರಾದ್ದರಿಂದ ಅವೆರಡರ ನಡುವಿನ ಸಂದು ಅಷ್ಟೂ ಬದಲಾಗುವುದಿಲ್ಲ. ಅಂಥ ಎರಡು ಕ್ಲಿಕ್‌ಗೆ ಶಾಟ್‌ನ, ಅಂದರೆ ಒಂದು ಸಲ ಎಸ್ಪ್ರೆಸೊ ಇಳಿಸುವುದರ ಸಮಯ ಸಾಮಾನ್ಯವಾಗಿ ಐದಾರು ಸೆಕೆಂಡ್ ಆಚೀಚೆ ಆಗಬಹುದು. 14ರಿಂದ 50ಕ್ಕೆ ಜಿಗಿಯಿತೆಂದರೆ ಅದು ಗ್ರೈಂಡರ್‌ನ ಕೆಲಸವಲ್ಲ. ಆ ಎರಡು ದಿನಗಳ ನಡುವೆ ಬೇರೇನೋ ಬದಲಾಗಿದೆ: ಪುಡಿಯ ತೂಕ, ಬಾಸ್ಕೆಟ್‌ನಲ್ಲಿ (ಪೋರ್ಟಾಫಿಲ್ಟರ್ ಒಳಗಿನ ತೂತಿನ ಬಟ್ಟಲು) ಅದು ಹರಡಿಕೊಂಡ ರೀತಿ, ಯಂತ್ರದ ಬಿಸಿ, ಇಲ್ಲವೇ ಶಾಟ್ ನಿಲ್ಲಿಸಿದ ಹೊತ್ತು.

ಹಾಗಾಗಿ ನಂಬರ್ ಹುಡುಕುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಒಂದೇ ನಂಬರಿನಲ್ಲಿ ಎರಡು ಶಾಟ್ ತೆಗೆದರೆ ಎರಡೂ ಎರಡು-ಮೂರು ಸೆಕೆಂಡಿನ ಅಂತರದಲ್ಲಿ ಮುಗಿಯಬೇಕು. ಅದು ಸಾಧ್ಯವಾಗುವವರೆಗೆ ಡಯಲ್ ಮುಟ್ಟಬೇಡಿ. ಹೆಚ್ಚಿನವರು ಇಲ್ಲೇ ಸೋಲುತ್ತಾರೆ. ಶಾಟ್ ಕೆಟ್ಟಿತೆಂದು ನಂಬರ್ ಬದಲಿಸುತ್ತಾರೆ, ಮುಂದಿನ ಶಾಟ್ ಬೇರೆ ಕಾರಣಕ್ಕೆ ಕೆಡುತ್ತದೆ, ಮತ್ತೆ ನಂಬರ್ ಬದಲಿಸುತ್ತಾರೆ. 250 ಗ್ರಾಂ ಪ್ಯಾಕೆಟ್‌ನಲ್ಲಿ ಸಿಗುವುದೇ 13 ಶಾಟ್. ಹೀಗೆ ಮಾಡುತ್ತಾ ಹೋದರೆ ಪ್ಯಾಕೆಟ್ ಖಾಲಿಯಾದಾಗಲೂ ಏನೂ ಗೊತ್ತಾಗಿರುವುದಿಲ್ಲ.

ಡಯಲ್ ಮುಟ್ಟುವ ಮೊದಲು

ಬಾಸ್ಕೆಟ್ ತೆಗೆದು ಬೆಳಕಿಗೆ ಹಿಡಿಯಿರಿ. ತಳದ ತುಂಬ ಸಣ್ಣ ಸಣ್ಣ ತೂತುಗಳಿಂದ ಬೆಳಕು ಕಂಡರೆ ಅದು ಒಂದು ಗೋಡೆಯ ಬಾಸ್ಕೆಟ್, ಸರಿಯಿದೆ. ಒಳಗೆ ತುಂಬ ತೂತಿದ್ದು ಹೊರಗಡೆ ಮಧ್ಯದಲ್ಲಿ ಸೂಜಿಮೊನೆಯಷ್ಟು ಒಂದೇ ತೂತಿದ್ದರೆ ಅದು ಎರಡು ಗೋಡೆಯದು. ಅದರಲ್ಲಿ ಒತ್ತಡ ಹುಟ್ಟಿಸುವುದು ಆ ಒಂದು ತೂತು, ನಿಮ್ಮ ಪುಡಿಯಲ್ಲ. ಅಂಗಡಿಯಿಂದ ಅರೆದು ತಂದ ಪುಡಿಗೂ ನೊರೆ ಬರಲೆಂದು ಮಾಡಿದ ವ್ಯವಸ್ಥೆ ಅದು. ಅದನ್ನಿಟ್ಟುಕೊಂಡು ಗ್ರೈಂಡರ್ ಹೊಂದಿಸಲು ಕೂತರೆ ಫಲವಿಲ್ಲ. ನಿಮ್ಮ ಯಂತ್ರಕ್ಕೆ ಹೊಂದುವ ಒಂದು ಗೋಡೆಯ ಬಾಸ್ಕೆಟ್ ತರಿಸಿಕೊಳ್ಳಿ. ಡಬ್ಬಿಯ ಮೇಲೆ ‘15 ಬಾರ್’ ಎಂದು ಅಚ್ಚಾಗಿರುವುದಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಅದು ಪಂಪ್ ಮುಟ್ಟಬಲ್ಲ ಗರಿಷ್ಠ ಒತ್ತಡ. ಎಸ್ಪ್ರೆಸೊ ಇಳಿಯುವುದು 9 ಬಾರ್ ಆಸುಪಾಸಿನಲ್ಲಿ.

0.1 ಗ್ರಾಂ ತೋರಿಸುವ ಡಿಜಿಟಲ್ ಸ್ಕೇಲ್ ಬೇಕೇ ಬೇಕು. ಚಮಚದ ಅಳತೆ ನಡೆಯದು. ಅರ್ಧ ಗ್ರಾಂ ಪುಡಿ ಹೆಚ್ಚಾದರೂ ಸಮಯ ಬದಲಾಗುತ್ತದೆ. ಬೀಜ ತೂಗಿ ಅರೆದ ಮೇಲೆ ಪುಡಿಯನ್ನೂ ಒಮ್ಮೆ ತೂಗಿ. ಗ್ರೈಂಡರ್‌ನಲ್ಲಿ ಅಂಟಿಕೊಂಡು 17.5 ಆಗಿದ್ದರೆ ಆಗಲೇ ತಿಳಿಯುತ್ತದೆ. ಹೀಗೆ ಅಂಟುವುದು ಪುಡಿಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತಿನಿಂದ. ಅರೆಯುವ ಮುಂಚೆ ಬೀಜಕ್ಕೆ ಒಂದೇ ಒಂದು ಸಲ ನೀರು ಸ್ಪ್ರೇ ಮಾಡಿ ಅಥವಾ ಚಮಚದ ಹಿಡಿಯನ್ನು ನೀರಿಗದ್ದಿ ಬೀಜದೊಳಗೆ ತಿರುವಿ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಹೆಂಡನ್ ಮತ್ತು ಸಂಗಡಿಗರು 2023ರ ಕೊನೆಗೆ ಪ್ರಕಟಿಸಿದ ಅಧ್ಯಯನ ಈ ಹಳೆಯ ಉಪಾಯ ನಿಜವಾಗಿಯೂ ಕೆಲಸ ಮಾಡುತ್ತದೆಂದು ತೋರಿಸಿತು. ಒದ್ದೆ ಮಾಡುವಷ್ಟು ಬೇಡ, ಪಸೆ ತಾಗಿದರೆ ಸಾಕು.

ಮುಂದಿನದು ಬಾಸ್ಕೆಟ್‌ನಲ್ಲಿ ಪುಡಿ ಕೂರಿಸುವುದು. ನಿಮ್ಮ 14 ಮತ್ತು 50ರ ಕಥೆಗೆ ಬಹುಪಾಲು ಕಾರಣ ಇಲ್ಲೇ ಇರಬೇಕು. ನುಣ್ಣನೆಯ ಪುಡಿ ಗಂಟುಗಂಟಾಗಿ ಬೀಳುತ್ತದೆ. ಗಂಟಿರುವ ಕಡೆ ಬಿಗಿ, ಪಕ್ಕದಲ್ಲಿ ಸಡಿಲ. ನೀರು ಸಡಿಲವಿದ್ದಲ್ಲಿ ಕಾಲುವೆ ಕೊರೆದುಕೊಂಡು ಓಡುತ್ತದೆ. ಆ ಜಾಗದ ಪುಡಿಯ ಸಾರವೆಲ್ಲ ತೊಳೆದುಹೋಗಿ ಕಹಿ, ಮಿಕ್ಕ ಕಡೆ ಸಾರವೇ ಇಳಿಯದೆ ಹುಳಿ. ಗಂಟು ಬಿಡಿಸಲು 0.3ರಿಂದ 0.4 ಮಿ.ಮೀ. ದಪ್ಪದ ಮೂರ್ನಾಲ್ಕು ಸೂಜಿಗಳನ್ನು ಒಂದು ಕಾರ್ಕ್‌ಗೆ ಚುಚ್ಚಿಕೊಂಡರೆ ಆಯಿತು, ಅಕ್ಯುಪಂಕ್ಚರ್ ಸೂಜಿ ಚೆನ್ನಾಗಿ ಒದಗುತ್ತದೆ. 2005ರಲ್ಲಿ ಜಾನ್ ವೈಸ್ ಎಂಬವರು ಹೇಳಿಕೊಟ್ಟ ಈ ವಿಧಾನಕ್ಕೆ ಡಬ್ಲ್ಯುಡಿಟಿ ಎನ್ನುತ್ತಾರೆ. ಸೂಜಿ ತಳ ಮುಟ್ಟಬೇಕು. ತಳದಿಂದ ಶುರುಮಾಡಿ ಸಣ್ಣ ಸಣ್ಣ ವೃತ್ತಗಳಲ್ಲಿ ತಿರುವುತ್ತ ಮೇಲೆ ಬನ್ನಿ, ಕೊನೆಗೆ ಮೇಲ್ಮೈಯನ್ನು ಸಮ ಮಾಡಿ. ಬರೀ ಮೇಲ್ಭಾಗ ಕೆದಕಿದರೆ ಗಂಟುಗಳು ಕೆಳಗೆ ಹಾಗೇ ಉಳಿಯುತ್ತವೆ. ಹದಿನೈದು ಸೆಕೆಂಡಿನ ಕೆಲಸವಿದು, ಆದರೆ ಗ್ರೈಂಡರ್‌ಗೆ ಇನ್ನಷ್ಟು ಹಣ ಸುರಿಯುವುದಕ್ಕಿಂತ ಇದರಿಂದ ಸಿಗುವ ಲಾಭ ಹೆಚ್ಚು.

ಪುಡಿಯನ್ನು ಅದುಮುವ ಟ್ಯಾಂಪ್ ಎಷ್ಟು ಕಿಲೋ ಬಲದಲ್ಲಿ ಒತ್ತಬೇಕೆಂಬುದು ದೊಡ್ಡ ವಿಷಯವಲ್ಲ. ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒತ್ತಿ. ಓರೆಯಾಗದಿರುವುದು ಮುಖ್ಯ, ಒಂದು ಪಕ್ಕ ತಗ್ಗಿದ್ದರೆ ನೀರು ಆ ಪಕ್ಕವೇ ನುಗ್ಗುತ್ತದೆ. ಒತ್ತಿದ ಮೇಲೆ ಪುಡಿಯ ಬಿಲ್ಲೆಯ ಮೇಲೆ ತೊಳೆದೊರೆಸಿದ ಒಂದು ನಾಣ್ಯ ಇಟ್ಟು, ಪೋರ್ಟಾಫಿಲ್ಟರ್ ಯಂತ್ರಕ್ಕೆ ಸಿಕ್ಕಿಸಿ, ನೀರು ಬಿಡದೆ ಹಾಗೇ ಬಿಚ್ಚಿ ನೋಡಿ. ನಾಣ್ಯ ಬಿಲ್ಲೆಯೊಳಗೆ ಹೂತುಹೋಗಿದ್ದರೆ ಪುಡಿ ಹೆಚ್ಚಾಗಿದೆ. ಅರ್ಧ ಗ್ರಾಂ ಇಳಿಸಿ ಮತ್ತೆ ನೋಡಿ.

ಯಂತ್ರದ ಬಿಸಿಯನ್ನೂ ಮರೆಯಬಾರದು. ಸಣ್ಣ ಯಂತ್ರಗಳು ಕೆಲವೇ ಸೆಕೆಂಡಿನಲ್ಲಿ ‘ರೆಡಿ’ ದೀಪ ತೋರಿಸುತ್ತವೆ, ಆದರೆ ಪೋರ್ಟಾಫಿಲ್ಟರ್‌ನ ಲೋಹ ತಣ್ಣಗೇ ಇರುತ್ತದೆ. 93 ಡಿಗ್ರಿ ನೀರು ತಣ್ಣನೆ ಲೋಹಕ್ಕೆ ತಾಗಿ ಬಿಸಿ ಕಳೆದುಕೊಂಡರೆ ಎಷ್ಟು ನುಣ್ಣಗೆ ಅರೆದರೂ ಶಾಟ್ ಹುಳಿಯಾಗುತ್ತದೆ. ಖಾಲಿ ಬಾಸ್ಕೆಟ್ ಸಿಕ್ಕಿಸಿ ಎರಡು ಸಲ ಬಿಸಿನೀರು ಹರಿಸಿ, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಪುಡಿ ಹಾಕಿ.

ಅರೆಯುವ ಕೈಯೂ ಒಂದೇ ರೀತಿ ಇರಲಿ. ಗ್ರೈಂಡರ್ ಓರೆ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಬೀಜ ಒಂದೊಂದಾಗಿ ಒಳಗೆ ಬಿದ್ದು ಅತಿ ನುಣ್ಣನೆಯ ಧೂಳು ಕಡಿಮೆಯಾಗುತ್ತದೆ, ಶಾಟ್ ಬೇಗ ಓಡುತ್ತದೆ. ನೇರ ಹಿಡಿದು ಜೋರಾಗಿ ತಿರುಗಿಸಿದರೆ ಇದರ ಉಲ್ಟಾ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ದಿನಕ್ಕೊಂದು ಬೇಡ.

ಸೊನ್ನೆ ಎಲ್ಲಿದೆ?

ಗೆಳೆಯರ ನಂಬರ್ ಏಕೆ ಒದಗಲಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಬರ್‌ಗಳು ಒಂದಕ್ಕೊಂದು ತಾಗಿ ನಿಲ್ಲುವ ಜಾಗವೇ ಸೊನ್ನೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಗ್ರೈಂಡರ್‌ಗಳಲ್ಲೂ ಈ ಜಾಗ ಕೆಲವು ಕ್ಲಿಕ್ ಆಚೀಚೆ ಇರುತ್ತದೆ. ಕೆಲವರು ಹಿಡಿ ತಿರುಗಿಸುವಾಗ ಬರ್ ಸವರುವ ಸದ್ದು ಕೇಳಿದ ಜಾಗದಿಂದ ಎಣಿಸುತ್ತಾರೆ, ಕೆಲವರು ಹಿಡಿ ಪೂರ್ತಿ ಬಿಗಿಯಾದಲ್ಲಿಂದ. ಅದರ ಮೇಲೆ ಅವರ ಬೀಜ ಬೇರೆ, ರೋಸ್ಟ್ ಬೇರೆ, ಬಾಸ್ಕೆಟ್ ಬೇರೆ. ಇನ್ನೊಬ್ಬರ ನಂಬರ್ ಶುರು ಮಾಡಲು ಮಾತ್ರ ಸರಿ.

ನಿಮ್ಮ ಸೊನ್ನೆ ಹೀಗೆ ಹುಡುಕಿ. ಗ್ರೈಂಡರ್ ಪೂರ್ತಿ ಖಾಲಿ ಮಾಡಿ ಬ್ರಷ್‌ನಿಂದ ಸ್ವಚ್ಛಗೊಳಿಸಿ. ಡಯಲನ್ನು ನುಣ್ಣನೆಯ ಕಡೆಗೆ ಒಂದೊಂದೇ ಕ್ಲಿಕ್ ತಿರುಗಿಸುತ್ತ, ಪ್ರತಿ ಸಲ ಹಿಡಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ತಳ್ಳಿ ನೋಡಿ. ಹಿಡಿ ತಾನಾಗಿ ತಿರುಗದೆ ನಿಂತ ಜಾಗ ನಿಮ್ಮ ಸೊನ್ನೆ. ಬಲವಂತ ಮಾಡಿ ಬಿಗಿಯಬೇಡಿ. ಅಲ್ಲಿಂದ ಹಿಂದಕ್ಕೆ ಎಣಿಸಿ ಒಂದು ಸುತ್ತು ಮತ್ತು ಇನ್ನೂ 16 ಕ್ಲಿಕ್, ಅಂದರೆ ಒಟ್ಟು 56 ಕ್ಲಿಕ್‌ಗೆ ನಿಲ್ಲಿಸಿ. ಜೆಎಕ್ಸ್-ಪ್ರೊಗೆ ಎಸ್ಪ್ರೆಸೊದ ಹುಡುಕಾಟ ಶುರುಮಾಡಲು ಇದು ಸಮಂಜಸವಾದ ಜಾಗ. ಪುಡಿ ಬೆರಳುಗಳ ನಡುವೆ ಉಜ್ಜಿದರೆ ಚಿರೋಟಿ ರವೆಗಿಂತ ನುಣುಪಾಗಿ, ಮೈದಾ ಹಿಟ್ಟಿಗಿಂತ ತರಿಯಾಗಿ ಇರಬೇಕು. ಗ್ರೈಂಡರ್ ಬಿಚ್ಚಿ ತೊಳೆದು ಜೋಡಿಸಿದಾಗಲೆಲ್ಲ ಸೊನ್ನೆಯನ್ನು ಮತ್ತೊಮ್ಮೆ ಪರೀಕ್ಷಿಸಿ.

ಕರೆಂಟ್ ಗ್ರೈಂಡರ್ ಇರುವವರಿಗೆ ಒಂದು ಎಚ್ಚರಿಕೆ: ಒಳಗೆ ಬೀಜವಿದ್ದಾಗ, ಮೋಟಾರ್ ನಿಂತಿರುವಾಗ, ಡಯಲನ್ನು ನುಣ್ಣನೆಯ ಕಡೆ ತಿರುಗಿಸಬೇಡಿ. ನಡುವೆ ಸಿಕ್ಕ ಬೀಜದ ಚೂರು ಬರ್‌ಗಳನ್ನು ಬಿಗಿಹಿಡಿಯುತ್ತದೆ. ಮೋಟಾರ್ ಓಡುತ್ತಿರುವಾಗಲೇ ತಿರುಗಿಸಬೇಕು. ಇನ್ನೊಂದು, ಅವುಗಳೊಳಗೆ ಹಿಂದಿನ ಸಲದ ಪುಡಿ ಒಂದಷ್ಟು ಉಳಿದಿರುತ್ತದೆ. ನಂಬರ್ ಬದಲಿಸಿದ ಕೂಡಲೇ ಮೂರರಿಂದ ಐದು ಗ್ರಾಂ ಅರೆದು ಚೆಲ್ಲದಿದ್ದರೆ ಮುಂದಿನ ಶಾಟ್‌ನಲ್ಲಿ ಹಳೆಯ ನಂಬರಿನ ಪುಡಿಯೇ ಬೆರೆತು ಲೆಕ್ಕ ತಪ್ಪಿಸುತ್ತದೆ. ಕೈಗ್ರೈಂಡರ್‌ಗೆ ಈ ತೊಂದರೆ ಹೆಚ್ಚುಕಡಿಮೆ ಇಲ್ಲ.

ಹುಡುಕುವ ಕ್ರಮ

18 ಗ್ರಾಂ ಪುಡಿ, ಲೋಟದಲ್ಲಿ 36 ಗ್ರಾಂ ಕಾಫಿ. ಈ ಎರಡನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಿ. ಯಂತ್ರದ ‘ಎರಡು ಕಪ್’ ಗುಂಡಿಯನ್ನು ನಂಬಬೇಡಿ. ಲೋಟವನ್ನು ಸ್ಕೇಲ್ ಮೇಲಿಟ್ಟು ಸೊನ್ನೆ ಮಾಡಿ, ಪಂಪ್ ಗುಂಡಿ ಒತ್ತಿದ ಕ್ಷಣದಿಂದ ಸಮಯ ಎಣಿಸಿ, 33–34 ಗ್ರಾಂ ಆದಾಗ ನಿಲ್ಲಿಸಿ. ನಿಲ್ಲಿಸಿದ ಮೇಲೂ ಎರಡು-ಮೂರು ಗ್ರಾಂ ಇಳಿಯುತ್ತದೆ. ಮೊದಲ ಹನಿ ಕಂಡಾಗಿನಿಂದ ಸಮಯ ಎಣಿಸುವವರೂ ಇದ್ದಾರೆ. ಯಾವುದಾದರೂ ಸರಿ, ಬದಲಿಸಬಾರದು ಅಷ್ಟೆ. ಮುಂದಿನ ಅಂಕಿಗಳೆಲ್ಲ ಗುಂಡಿ ಒತ್ತಿದಾಗಿನಿಂದ ಎಣಿಸಿದವು.

ಈಗ 56ರಲ್ಲಿ ಎರಡು ಶಾಟ್ ತೆಗೆಯಿರಿ. ಒಂದು 17, ಇನ್ನೊಂದು 18 ಸೆಕೆಂಡ್ ಬಂತೆನ್ನಿ. ರುಚಿ ಕೆಟ್ಟದಾಗಿದ್ದರೂ ಇದು ಒಳ್ಳೆಯ ಸುದ್ದಿ, ಏಕೆಂದರೆ ಇನ್ನು ಡಯಲ್ ತಿರುಗಿಸಿದರೆ ಅದಕ್ಕೆ ಅರ್ಥವಿರುತ್ತದೆ. ಒಂದು 16, ಇನ್ನೊಂದು 27 ಬಂದರೆ ಸೂಜಿ, ಟ್ಯಾಂಪ್, ತೂಕಕ್ಕೆ ವಾಪಸ್ ಹೋಗಿ.

17ರಿಂದ ಗುರಿ ದೂರವಿದೆ. ಒಮ್ಮೆಗೇ ನಾಲ್ಕು ಕ್ಲಿಕ್ ನುಣ್ಣಗೆ ಮಾಡಿ, 52ಕ್ಕೆ ಬನ್ನಿ. 24 ಸೆಕೆಂಡ್ ಸಿಕ್ಕಿತೆಂದರೆ ಮುಂದಿನ ಹೆಜ್ಜೆ ಒಂದು ಅಥವಾ ಎರಡು ಕ್ಲಿಕ್ ಮಾತ್ರ. ಹತ್ತಿರ ಬಂದಂತೆ ಹೆಜ್ಜೆ ಚಿಕ್ಕದಾಗಬೇಕು. ಪುಡಿಯ ಕಣ ಸಣ್ಣದಾದಂತೆ ನೀರಿನ ಹರಿವು ಅದೇ ಪ್ರಮಾಣದಲ್ಲಿ ತಗ್ಗುವುದಿಲ್ಲ, ಅದಕ್ಕಿಂತ ಬಹಳ ಬೇಗ ತಗ್ಗುತ್ತದೆ. ಕಣಗಳ ನಡುವಿನ ದಾರಿ ಕಿರಿದಾಗುವುದರ ಜೊತೆಗೆ ಧೂಳಿನಂಥ ಪುಡಿ ಹೆಚ್ಚಿ ಆ ದಾರಿಗಳನ್ನೇ ಮುಚ್ಚುತ್ತದೆ. ಆದ್ದರಿಂದ 56ರ ಹತ್ತಿರ ಒಂದು ಕ್ಲಿಕ್‌ಗೆ ಒಂದೂವರೆ ಸೆಕೆಂಡ್ ಸಿಕ್ಕಿದರೆ 48ರ ಹತ್ತಿರ ಅದೇ ಒಂದು ಕ್ಲಿಕ್‌ಗೆ ಮೂರೋ ನಾಲ್ಕೋ ಸೆಕೆಂಡ್ ಸಿಗಬಹುದು.

ಮೀಡಿಯಂ ರೋಸ್ಟ್‌ಗೆ 25ರಿಂದ 30 ಸೆಕೆಂಡ್ ಒಳಗೆ ಬಂದ ಮೇಲೆ ಗಡಿಯಾರ ಪಕ್ಕಕ್ಕಿಟ್ಟು ನಾಲಿಗೆಯನ್ನು ಕೇಳಿ. ಕಾಫಿಯನ್ನು ಚಮಚದಲ್ಲಿ ಚೆನ್ನಾಗಿ ಕಲಕಿ, ಒಂದೆರಡು ನಿಮಿಷ ಆರಲು ಬಿಟ್ಟು ಕುಡಿಯಿರಿ. ಕುದಿಬಿಸಿಯಲ್ಲಿ ಕಹಿ ಹುಳಿ ಎರಡೂ ಸರಿಯಾಗಿ ತಿಳಿಯುವುದಿಲ್ಲ. ನಿಂಬೆಯಂಥ ಚೂಪು ಹುಳಿ ಬಂದು ಬಾಯಲ್ಲಿ ಏನೂ ಉಳಿಯದಿದ್ದರೆ ಸಾರ ಕಡಿಮೆ ಇಳಿದಿದೆ: ಒಂದು ಕ್ಲಿಕ್ ನುಣ್ಣಗೆ. ಕಹಿ ಗಂಟಲವರೆಗೆ ಎಳೆದರೆ ಹೆಚ್ಚು ಇಳಿದಿದೆ: ಒಂದು ಕ್ಲಿಕ್ ತರಿಯಾಗಿ. ಹುಳಿ ಮತ್ತು ಒಗರು ಒಟ್ಟಿಗೆ ಬಂದು, ಬಲಿಯದ ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆ ಒಣಗಿದರೆ ಆಗ ಡಯಲ್ ತಿರುಗಿಸಿ ಉಪಯೋಗವಿಲ್ಲ. ನೀರು ಕಾಲುವೆ ಕೊರೆದಿದೆ. ತಳವಿಲ್ಲದ ಪೋರ್ಟಾಫಿಲ್ಟರ್ ಇದ್ದರೆ ಇದು ಕಣ್ಣಿಗೇ ಕಾಣುತ್ತದೆ. ಧಾರೆ ಮಧ್ಯಕ್ಕೆ ಕೂಡಿಕೊಂಡು ಇಳಿಯುವ ಬದಲು ಪಕ್ಕದಿಂದ ಸಣ್ಣಗೆ ಚಿಮ್ಮುತ್ತದೆ.

ಇಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ. ಹುಳಿ ಬಂದಾಗಲೆಲ್ಲ ನುಣ್ಣಗೆ, ಇನ್ನೂ ನುಣ್ಣಗೆ ಎಂದು ಹೋಗುವುದು. ಒಂದು ಹಂತ ದಾಟಿದ ಮೇಲೆ ನೀರಿಗೆ ಬಿಲ್ಲೆಯ ಉದ್ದಗಲಕ್ಕೂ ಸಮನಾಗಿ ಹೋಗಲು ಆಗುವುದಿಲ್ಲ, ಸಿಕ್ಕ ಸಿಕ್ಕ ಕಡೆ ದಾರಿ ಮಾಡಿಕೊಳ್ಳುತ್ತದೆ. ಆಗ ಸಾರ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಹೆಂಡನ್ ಮತ್ತು ಜೇಮಿ ಫಾಸ್ಟರ್ ಇದ್ದ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಮುಖ್ಯ ಫಲಿತಾಂಶ ಇದೇ: ತುಂಬ ನುಣ್ಣಗೆ ಅರೆದರೆ ಶಾಟ್‌ನಿಂದ ಶಾಟ್‌ಗೆ ರುಚಿ ಹೊಯ್ದಾಡುತ್ತದೆ, ಸ್ವಲ್ಪ ತರಿಯಾಗಿ, ಕಡಿಮೆ ಪುಡಿಯಲ್ಲಿ ತೆಗೆದರೆ ಪ್ರತಿ ಸಲವೂ ಒಂದೇ ಥರ ಬರುತ್ತದೆ. ನಿಮ್ಮ 50 ಸೆಕೆಂಡಿನ ಶಾಟ್ ಸಿಕ್ಕಿದ್ದು ಈ ಹೊಯ್ದಾಡುವ ಜಾಗದಲ್ಲೇ ಇರಬಹುದು. ಹುಳಿ ಹೋಗುತ್ತಿಲ್ಲ, ಸಮಯ ಆಗಲೇ 32 ದಾಟಿದೆ ಎಂದಾದರೆ ಡಯಲ್ ಬಿಟ್ಟು ಲೋಟದ ಅಳತೆ ಹೆಚ್ಚಿಸಿ. 36ರ ಬದಲು 40–42 ಗ್ರಾಂ ಇಳಿಸಿ. ಹೆಚ್ಚು ನೀರು ಹೋದರೆ ಹೆಚ್ಚು ಸಾರ ಬರುತ್ತದೆ, ಹುಳಿ ಮೆತ್ತಗಾಗುತ್ತದೆ. ಕಹಿ ಮಾತ್ರ ಸಮಸ್ಯೆಯಾದರೆ 32 ಗ್ರಾಂಗೇ ನಿಲ್ಲಿಸಿ. ಗ್ರೈಂಡರ್ ಮುಟ್ಟದೆ ರುಚಿ ತಿದ್ದುವ ಅತಿ ಸುಲಭ ದಾರಿ ಇದು, ಜನ ಯಾಕೋ ಇದನ್ನು ಬಳಸುವುದೇ ಇಲ್ಲ.

ಹೆಜ್ಜೆ ದೊಡ್ಡದಿರುವ ಗ್ರೈಂಡರ್ ಇಟ್ಟುಕೊಂಡವರಿಗೆ ಬೇರೊಂದು ತಾಪತ್ರಯ. ಕಮಾಂಡಾಂಟೆ ಸಿ40ಯಲ್ಲಿ ಒಂದು ಕ್ಲಿಕ್ 30 ಮೈಕ್ರಾನ್, ಟೈಮ್‌ಮೋರ್ ಸಿ2ನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಅಂಥವರಿಗೆ ಒಂದು ಕ್ಲಿಕ್‌ನಲ್ಲಿ 20 ಸೆಕೆಂಡ್, ಮುಂದಿನದರಲ್ಲಿ 38 ಬರುವುದು ಸಹಜ. ಅವರು ನುಣ್ಣನೆಯ ಕ್ಲಿಕ್‌ನಲ್ಲಿ ಇಟ್ಟು ಪುಡಿಯನ್ನು 0.3ರಿಂದ 0.5 ಗ್ರಾಂನಂತೆ ಕಡಿಮೆ ಮಾಡುತ್ತ ಬರಬೇಕು. ಬಿಲ್ಲೆ ತೆಳುವಾದಷ್ಟೂ ನೀರು ಬೇಗ ಹೋಗುತ್ತದೆ. 17.2 ಗ್ರಾಂನಲ್ಲಿ 28 ಸೆಕೆಂಡ್ ಸಿಕ್ಕಿದರೆ ಅದೇ ಅವರ ಸರಿಯಾದ ಅಳತೆ. ಸಿ2 ಮಾತ್ರ ಫಿಲ್ಟರ್, ಫ್ರೆಂಚ್ ಪ್ರೆಸ್‌ಗೆ ಒಳ್ಳೆಯದು. ಒಂದು ಗೋಡೆಯ ಬಾಸ್ಕೆಟ್‌ಗೆ ಅದನ್ನು ನಂಬಿ ಕೂರಬೇಡಿ.

ಬೀಜ ಬದಲಾದರೆ

ಒಮ್ಮೆ ಸಿಕ್ಕ ನಂಬರ್ ಆ ಪ್ಯಾಕೆಟ್‌ಗೂ ಪೂರ್ತಿ ನಿಲ್ಲುವುದಿಲ್ಲ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಮೊದಲ ವಾರ ಅದು ಬುಸುಬುಸು ಹೊರಬರುತ್ತ ನೀರಿನ ಹರಿವನ್ನು ಕೆಡಿಸುತ್ತದೆ, ನೊರೆ ಅತಿಯಾಗಿ ಬಂದು ಸಮಯ ಹಿಡಿತಕ್ಕೆ ಸಿಗುವುದಿಲ್ಲ. ಪ್ಯಾಕೆಟ್ ಮೇಲಿನ ರೋಸ್ಟ್ ದಿನಾಂಕ ನೋಡಿ, ಏಳರಿಂದ ಹದಿನಾಲ್ಕು ದಿನ ಬಿಟ್ಟು ಶುರುಮಾಡಿ. ಆಮೇಲೆ ಬೀಜ ಹಳತಾದಂತೆ ಶಾಟ್ ಬೇಗ ಓಡುತ್ತದೆ, ಕೆಲವು ದಿನಗಳಿಗೊಮ್ಮೆ ಒಂದು ಕ್ಲಿಕ್ ನುಣ್ಣಗೆ ಮಾಡಬೇಕಾಗುತ್ತದೆ. ಇದು ದೋಷವಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಬೀಜ ತೇವ ಹೀರಿಕೊಂಡು ನಂಬರ್ ಇನ್ನಷ್ಟು ಓಡಾಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡಿ. ಫ್ರೀಜರ್‌ನಲ್ಲಿ ಇಡುವುದಾದರೆ 18 ಗ್ರಾಂನ ಪೊಟ್ಟಣಗಳಾಗಿ ಮಾಡಿ, ಬೇಕಾದಷ್ಟೇ ತೆಗೆಯಿರಿ.

ಡಾರ್ಕ್ ರೋಸ್ಟ್ ಸುಲಭವಾಗಿ ಸಾರ ಬಿಡುತ್ತದೆ. ಕೆಲವು ಕ್ಲಿಕ್ ತರಿಯಾಗಿ, 30ರಿಂದ 36 ಗ್ರಾಂ, 22–26 ಸೆಕೆಂಡ್ ಸಾಕು. ಹಾಲು ಹಾಕಿ ಕುಡಿಯುವುದಾದರೆ 30ರ ಕಡೆಗೇ ಇರಲಿ. ಲೈಟ್ ರೋಸ್ಟ್ ಗಟ್ಟಿ ಬೀಜ, ಅದಕ್ಕೆ ನುಣ್ಣನೆಯ ಪುಡಿ, 45ರಿಂದ 54 ಗ್ರಾಂ ಇಳುವರಿ, 30–35 ಸೆಕೆಂಡ್. ಕೊಡಗಿನ ರೋಬಸ್ಟಾ ಬೆರೆಸಿದ ಬ್ಲೆಂಡ್‌ಗೆ ಡಾರ್ಕ್ ರೋಸ್ಟ್‌ನ ಲೆಕ್ಕವೇ ಹೊಂದುತ್ತದೆ. ಅದರಲ್ಲಿ ನೊರೆ ದಪ್ಪ, ಹಾಗಾಗಿ ಕಣ್ಣಳತೆ ಪೂರ್ತಿ ಮೋಸ ಮಾಡುತ್ತದೆ, ತೂಗಿಯೇ ನಿಲ್ಲಿಸಿ. ಮಾನ್ಸೂನ್ಡ್ ಮಲಬಾರ್ ಬೀಜ ಊದಿಕೊಂಡು ಹಗುರವಾಗಿರುತ್ತದೆ. 18 ಗ್ರಾಂ ಪುಡಿ ಬಾಸ್ಕೆಟ್‌ನಲ್ಲಿ ಹೆಚ್ಚು ಜಾಗ ತಿನ್ನುತ್ತದೆ, ನಾಣ್ಯದ ಪರೀಕ್ಷೆ ಮಾಡಿ 17ಕ್ಕೆ ಇಳಿಸಬೇಕಾಗಬಹುದು. ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿ ಪುಡಿಯನ್ನು ಮಾತ್ರ ಈ ಬಾಸ್ಕೆಟ್‌ಗೆ ಹಾಕಬೇಡಿ. ಚಿಕೋರಿ ನೀರಿನಲ್ಲಿ ಕರಗಿ ಅಂಟಂಟಾಗಿ ದಾರಿ ಮುಚ್ಚುತ್ತದೆ. ಅದರ ಜಾಗ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರ್‌ನಲ್ಲಿ, ಅಲ್ಲಿ ಅದು ಬಹಳ ಚೆನ್ನಾಗಿರುತ್ತದೆ.

ಪ್ಯಾಕೆಟ್ ಮೇಲೆ ಪೆನ್ನಿನಲ್ಲಿ ನಾಲ್ಕು ಅಂಕಿ ಬರೆದಿಡಿ: ಕ್ಲಿಕ್, ಪುಡಿಯ ತೂಕ, ಲೋಟದ ತೂಕ, ಸೆಕೆಂಡ್. ಅದೇ ರೋಸ್ಟರ್‌ನ ಅದೇ ಕಾಫಿ ಮತ್ತೆ ತಂದಾಗ ಆ ಕ್ಲಿಕ್‌ನಿಂದಲೇ ಶುರುಮಾಡಿ, ಎರಡು ಶಾಟ್‌ಗಳಲ್ಲಿ ದಾರಿಗೆ ಬರುತ್ತದೆ.

ಇಷ್ಟೆಲ್ಲ ಮಾಡಿ, 35–38 ಕ್ಲಿಕ್‌ವರೆಗೆ ಇಳಿದರೂ ಶಾಟ್ 15 ಸೆಕೆಂಡಿಗೇ ಮುಗಿಯುತ್ತಿದ್ದರೆ ಮೊದಲು ರೋಸ್ಟ್ ದಿನಾಂಕ ನೋಡಿ. ಎರಡು-ಮೂರು ತಿಂಗಳು ದಾಟಿದ ಬೀಜವಾದರೆ ಬೇರೆ ತನ್ನಿ. ಬೀಜ ತಾಜಾ ಇದ್ದರೆ ಗ್ರೈಂಡರ್ ಬಿಚ್ಚಿ, ಬರ್ ಹಿಡಿದಿರುವ ಸ್ಕ್ರೂ ಸಡಿಲವಾಗಿದೆಯೇ, ಬರ್ ಓರೆಯಾಗಿ ಕೂತಿದೆಯೇ ಎಂದು ಪರೀಕ್ಷಿಸಿ. ತದ್ವಿರುದ್ಧವಾಗಿ, 65 ಕ್ಲಿಕ್ ಆಚೆಗೆ ಹೋದರೂ ತೊಟ್ಟಿಕ್ಕುತ್ತಿದ್ದರೆ ಪುಡಿ ಹಾಕದೆ ನೀರು ಬಿಟ್ಟು ನೋಡಿ. ಖಾಲಿಯಿದ್ದಾಗಲೂ ಧಾರೆ ಸೊರಗಿದ್ದರೆ ನೀರು ಸುರಿಸುವ ಜಾಲರಿಯಾದ ಶವರ್ ಸ್ಕ್ರೀನ್‌ನಲ್ಲಿ ಪುಡಿ ಕಟ್ಟಿದೆ ಅಥವಾ ಬೋರ್‌ವೆಲ್ ನೀರಿನ ಸುಣ್ಣ ಒಳಗೆ ಕೂತಿದೆ. ಸ್ಕ್ರೀನ್ ಬಿಚ್ಚಿ ತೊಳೆದು, ಯಂತ್ರದ ಕೈಪಿಡಿಯಲ್ಲಿ ಹೇಳಿದಂತೆ ಸುಣ್ಣ ತೆಗೆದು (ಡಿಸ್ಕೇಲ್ ಮಾಡಿ), ಆಮೇಲೆ ಮತ್ತೆ 56ರಿಂದ ಶುರುಮಾಡಿ.